ಬಾಳೆತೋಟದಲ್ಲಿ ಬೋರಲು ಬಿದ್ದ ಬೆಳಗು

ಒಳ್ಳೆಯ ಫೋಟೋ ತೆಗೆಯಲು ದುಬಾರಿ ಕ್ಯಾಮೆರಾ ಬೇಕಿಲ್ಲ, ಕಣ್ಣು ಬೇಕು ಎಂದು ಬಲ್ಲವರು ಹೇಳುತ್ತಾರೆ. ಈ ಮಾತು ನನ್ನ ಕಿವಿಗೆ ಬೀಳುವ ಹೊತ್ತಿಗೆ ದುಬಾರಿ ಕ್ಯಾಮೆರಾ ಕೊಂಡಾಗಿತ್ತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಾನು ರಾಶಿಯಲ್ಲಿ ಕಲ್ಲೆಷ್ಟು, ನುಚ್ಚೆಷ್ಟು ಎಂದು ನಿಂತಲ್ಲೇ ಹೇಳಬಲ್ಲೆ. ಎದುರಿಗಿರುವುದರಲ್ಲಿ ಚೆಲುವು ಎಲ್ಲಿದೆ ಎಂಬುದು ಮಾತ್ರ ಫೋಟೋ ತೆಗೆದ ಮೇಲೂ ತಿಳಿಯುವುದಿಲ್ಲ. ಹೊಸಪೇಟೆಯ ನಮ್ಮ ಫೋಟೋ ಬಳಗದ ಪ್ರದರ್ಶನಕ್ಕೆ ನಾನು ಕಳಿಸಿದ ಚಿತ್ರಗಳೆಲ್ಲ ವರ್ಷಾವರ್ಷ ಹೋದ ದಾರಿಯಲ್ಲೇ ಮನೆಗೆ ಬರುತ್ತಿದ್ದವು. ಈ ಸಲ ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು: "ನೋಡ್ರಿ, ಈ ಸಲನೂ ಫೋಟೋ ವಾಪಸ್ ಬಂತಂದ್ರ ಕ್ಯಾಮೆರಾ ಅಟ್ಟಕ್ಕ ಏರ್ತೈತಿ. ಅಲ್ಲಿ ನಿಮ್ಮ ಹಾರ್ಮೋನಿಯಂ ಒಂದ ಕುಂತೈತಿ, ಅದಕ್ಕೂ ಜೊತಿ ಆಗ್ತೈತಿ." ಹಾರ್ಮೋನಿಯಂ ಕಥೆ ಇಲ್ಲಿ ಬೇಡ. ಅಕ್ಕಪಕ್ಕದವರು ಈಗಷ್ಟೇ ಮತ್ತೆ ಮಾತಾಡಿಸುತ್ತಿದ್ದಾರೆ.

ಅಷ್ಟರಲ್ಲಿ ಬಳಗದವರು ಕಮಲಾಪುರದ ಆಚೆ, ಬಾಳೆತೋಟಕ್ಕೆ ಹೊಂದಿಕೊಂಡ ಬಂಡೆಗಳ ಬಳಿ ಭಾನುವಾರ ಮಾಡೆಲ್ ಶೂಟ್ ಇಟ್ಟರು. ಮಾಡೆಲ್ ಸಹನಾ ದೋಣಿಮಲೈ ಕಡೆಯ ಹುಡುಗಿ. ಸೀರೆ ಅಂಗಡಿಗಳ ಜಾಹೀರಾತಿನಲ್ಲಿ ನಗುವುದು ಅವಳ ಕೆಲಸ. ಅವಳೊಬ್ಬಳು, ನಾವು ಹತ್ತು ಹನ್ನೆರಡು ಮಂದಿ. ಎಲ್ಲರೂ ಒಮ್ಮೆಗೇ "ಈ ಕಡೆ ನೋಡಮ್ಮ" ಎಂದರೆ ಅವಳಿಗೆ ಕತ್ತು ಒಂದೇ. ಆದ್ದರಿಂದ ಸರದಿ ಎಂದಾಯಿತು. ಸರದಿ ಎಂದ ಕೂಡಲೇ ನಮ್ಮ ಸೀಮೆಯ ಮರ್ಯಾದೆ ಎದ್ದು ನಿಂತಿತು.

"ಗೌಡ್ರ, ನೀವು ಮೊದ್ಲು ತಗೀರಿ."

"ಛೇ ಛೇ, ಮಾಸ್ತರು ಇರಬೇಕಾದ್ರ ನಾ ಹೆಂಗ ತಗೀಲ್ರಿ?"

"ನಂದೇನೈತ್ರಿ, ಮೊದ್ಲು ಸಾಹುಕಾರ್ರು ತಗೀಲಿ."

ಸಾಹುಕಾರ ಎಂದರೆ ನಾನು. ಬೆರಳು ಗುಂಡಿಯ ಮೇಲೆ ತುರಿಸುತ್ತಿದ್ದರೂ "ಬ್ಯಾಡ್ರಿ, ನಾ ಕಡೀಕ" ಎಂದುಬಿಟ್ಟೆ. ಮದುವೆಮನೆಯ ಮೊದಲ ಪಂಕ್ತಿಗೂ ನಾವು ಹೀಗೇ ಎಳೆದಾಡುತ್ತೇವೆ. ಅಲ್ಲಿ ಹೋಳಿಗೆ ಕಾಯುತ್ತದೆ, ಇಲ್ಲಿ ಸೂರ್ಯ ಕಾಯಲಿಲ್ಲ. ಎಳೆಬಿಸಿಲಿಗೆಂದು ನಸುಕಿನಲ್ಲೇ ಎದ್ದು ಬಂದವರ ಉಪಚಾರ ಮುಗಿಯುವಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತು. ಸಹನಾ ಬಂಡೆಯ ಮೇಲೆ ಕುಳಿತೇಬಿಟ್ಟಳು. "ಸರ್, ಯಾರಾದ್ರೂ ಒಬ್ರು ಮರ್ಯಾದಿ ಬಿಡ್ರಿ. ನನ್ನ ಮೇಕಪ್ ಇಳಿಯಾಕ ಹತ್ತೈತಿ."

ಎಲ್ಲರೂ ಒಟ್ಟಿಗೇ ಬಿಟ್ಟರು. ಮೊಣಕೈಗಳು ಆಡಿದವು, ಕಾಲು ತುಳಿದಾಟವಾಯಿತು. ನಾನು ತೆಗೆದ ಪ್ರತಿಯೊಂದು ಚಿತ್ರದಲ್ಲೂ ಸಹನಾಳಿಗಿಂತ ಗೌಡರ ಕಿವಿ ಸ್ಪಷ್ಟವಾಗಿ ಬಂತು. ಈ ಗದ್ದಲ ಕೇಳಿ ತೋಟದ ಯಜಮಾನ ಹೆಗಲ ಮೇಲೆ ಸಲಿಕೆ ಹೊತ್ತು ಬಂದ. ಹಂಪಿಗೆ ಮದುವೆಗೆ ಮುಂಚಿನ ಫೋಟೋಕ್ಕೆ ಬರುವ ಜೋಡಿಗಳನ್ನು ದಿನವೂ ನೋಡುವವನು. "ಪ್ರೀವೆಡ್ಡಿಂಗೇನ್ರಿ? ಮದುಮಗ ಯಾರು?" ಎಂದ. ಆತ ನಮ್ಮೆಲ್ಲರ ಮುಖ ನೋಡುತ್ತಾ ಬಂದು ನನ್ನ ಬೋಳುತಲೆಯ ಮೇಲೆ ಕಣ್ಣು ನಿಲ್ಲಿಸಿದ. ಆಮೇಲೆ ಸಹನಾಳ ಕಡೆ ತಿರುಗಿ ಮೆಲ್ಲಗೆ ಕೇಳಿದ: "ತಂಗೀ, ಮನ್ಯಾಗ ಒಪ್ಯಾರೇನವಾ?"

ಸಹನಾ ನಕ್ಕಳು. ಅದು ಸೀರೆ ಅಂಗಡಿಯ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕ ನಗು. ಅವಮಾನದ ನಡುವೆಯೂ ಜನ್ಮದಲ್ಲಿ ಮೊದಲ ಸಲ ನನಗೆ ಚೆಲುವು ಎಲ್ಲಿದೆ ಎಂದು ಹೊಳೆಯಿತು. ಗೌಡರ ಕಿವಿ ತಪ್ಪಿಸಲು ನೆಲಕ್ಕೆ ಬೋರಲಾದೆ. ಆಗ ತಾನೇ ನೀರು ಕಟ್ಟಿದ್ದ ಬದು ನನ್ನ ತೂಕಕ್ಕೆ ಕುಸಿದು, ತಲೆ ಮುಂದಾಗಿ ಬಾಳೆಯ ಬುಡಕ್ಕೆ ಜಾರಿದೆ. ಜಾರುತ್ತಲೇ ಗುಂಡಿ ಒತ್ತಿದೆ. ಬಂದದ್ದು ಒಂದು ಬಾಳೆ ಎಲೆ. ಬೇರೆ ಗತಿಯಿಲ್ಲದೆ ಪ್ರದರ್ಶನಕ್ಕೆ ಅದನ್ನೇ ಕಳಿಸಿದೆ. ಅದೂ ವಾಪಸಾಯಿತು.

ಪ್ರದರ್ಶನ ನೋಡಲು ಗಿರಿಜಾಳನ್ನೂ ಕರೆದುಕೊಂಡು ಹೋದೆ. ಅಟ್ಟದ ಶಿಕ್ಷೆ ಹೇಗೂ ಖಚಿತ, ಉಳಿದವರ ಚಿತ್ರವೂ ಅಂಥದ್ದೇನಲ್ಲ ಎಂದು ತೋರಿಸುವ ಆಸೆ. ನಟ್ಟನಡುವೆ ಮೊದಲ ಬಹುಮಾನದ ಚಿತ್ರವಿತ್ತು, ಮಾಸ್ತರು ತೆಗೆದದ್ದು. ದೂರದಲ್ಲಿ ಹೊಟ್ಟೆ ಹಿಡಿದು ನಗುವ ಸಹನಾ. ಮುಂದೆ, ಚಿತ್ರದ ಅರ್ಧ ತುಂಬಿಕೊಂಡು, ಕೆಸರು ಮೆತ್ತಿದ ಎರಡು ಅಂಗಾಲು ಮತ್ತು ಆಕಾಶಕ್ಕೆ ಎದ್ದ ಒಂದು ದೊಡ್ಡ ಪ್ಯಾಂಟು. ಮುಖ ಕಾಣುವುದಿಲ್ಲ. ದೇವರು ದೊಡ್ಡವನು ಎಂದುಕೊಂಡು ಮುಂದೆ ಸರಿದೆ. ಗಿರಿಜಾ ಸರಿಯಲಿಲ್ಲ.

"ನಿಲ್ರಿ. ಆ ಪ್ಯಾಂಟು ನಾ ಹೊಲಿಗಿ ಹಾಕಿದ್ದು."

ಅಲ್ಲೇ ಕುರ್ಚಿ ಹಿಡಿದುಕೊಂಡು ಕುಳಿತು ನಕ್ಕಳು. ಸೆರಗು ಬಾಯಿಗಿಟ್ಟರೂ ನಗು ನಿಲ್ಲಲಿಲ್ಲ, ನೋಡಿದವರೂ ನಕ್ಕರು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನನಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು, ಸುಳ್ಳೇಕೆ ಹೇಳಲಿ. ಮನೆಗೆ ಬರುವ ದಾರಿಯಲ್ಲಿ ಕಣ್ಣೊರೆಸಿಕೊಂಡು ಅಂದಳು: "ಕ್ಯಾಮೆರಾ ಇಟ್ಕೋರಿ. ಮುಂದಿನ ಸಲ ನಾನೂ ಬರ್ತೀನಿ. ನೀವು ಬೀಳಾದು ಎದುರಿಗೇ ನೋಡ್ಬೇಕು."

ಹೀಗೆ ನನ್ನ ಕ್ಯಾಮೆರಾ ಉಳಿಯಿತು. ಫೋಟೋಕ್ಕೆ ಕಣ್ಣು ಬೇಕು ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಕ್ಯಾಮೆರಾ ಉಳಿಸಿದ ಅಂಗ ಬೇರೆ. ಅದರ ಹೆಸರು ಹೇಳಲು ಮತ್ತೆ ಆ ಹಾಳು ಮರ್ಯಾದೆ ಅಡ್ಡ ಬರುತ್ತಿದೆ.