ಇಳಿಯಲೊಲ್ಲದ ರಿಪೋರ್ಟು

ಸರ್ಕಾರಿ ಕಂಪ್ಯೂಟರಿನ ಫ್ಲಾಪಿ ಹಾಕುವ ಬಾಯಿಯಿಂದ ನಾನು ಏನನ್ನು ಹೊರಗೆಳೆದಿರಬಹುದು, ಊಹಿಸಿ ನೋಡೋಣ. ಇರುವೆ? ಅಲ್ಲ. ಜಿರಳೆ? ಅದೂ ಅಲ್ಲ. ಇರಲಿ, ಅಲ್ಲಿಗೇ ಬರುತ್ತೇನೆ.

ವಿಜಾಪುರದ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ತರಬೇತಿಗೆ ಹೋಗಿಬಂದವನು ನಾನೊಬ್ಬನೇ. ಹಾಗಾಗಿ ತಾಲೂಕುಗಳಲ್ಲಿ ಡೇಟಾಬೇಸಿನ ರಿಪೋರ್ಟು ಫ್ಲಾಪಿಗೆ ಇಳಿಯದಿದ್ದಾಗಲೆಲ್ಲ ಬಸ್ಸು ಹತ್ತುವ ಹಣೆಬರಹವೂ ನನ್ನದೇ. ಆ ಸಲವಂತೂ ನನ್ನ ತಲೆ ಕಾದ ಹಂಚು. ನಾಲತವಾಡದಲ್ಲಿ ಮಗಳ ನಿಶ್ಚಯ. ಸಾಹೇಬರು, "ನಾಲ್ಕೂ ತಾಲೂಕಿನ ರಿಪೋರ್ಟು ನನ್ನ ಟೇಬಲ್ ಮ್ಯಾಲ ಬರ್ಲಿ, ಆಮ್ಯಾಲ ರಜಾ" ಎಂದುಬಿಟ್ಟಿದ್ದರು. ಮುದ್ದೇಬಿಹಾಳದ್ದು ತಕರಾರಿಲ್ಲದೆ ಬಂತು. ಹೇಗೆ ಬಂತೆಂದು ನನಗೆ ಇವತ್ತಿಗೂ ಅನುಮಾನ.

ಇಂಡಿಯ ಶೋಭೆ

ಇಂಡಿ ತಾಲೂಕಿನ ಆಫೀಸಿನಲ್ಲಿ ರಿಪೋರ್ಟು ಇಳಿಸಲು ಎಕ್ಸ್‌ಪೋರ್ಟ್ ಒತ್ತಿದರೆ, ಅದೇ ಹೆಸರಿನ ಹಳೆಯ ಫೈಲು ತೆರೆದಿದೆ, ಅದರ ಮೇಲೆ ಬರೆಯಲಾಗದು ಎಂಬ ಸಂದೇಶ. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿದ ಮೇಲೆ ಆ ಫೈಲನ್ನು ತೆರೆದಿಡುವುದು ಅಲ್ಲಿನ ಗುಮಾಸ್ತರ ರೂಢಿಯಂತೆ. ಯಾಕ್ರಿ ಎಂದು ಹಲ್ಲು ಕಡಿದೆ.

"ಸಾಹೇಬ್ರು ಬಂದಾಗ ಪರದೆ ಖಾಲಿ ಇರಬಾರ್ದಲ್ರಿ. ಕೆಲಸ ನಡದಂಗ ಕಾಣಬೇಕು."

ನಡೆದಂತೆ ಕಾಣುತ್ತಿದ್ದುದರಿಂದಲೇ ಕೆಲಸ ನಿಂತಿತ್ತು.

ಸಿಂದಗಿಯ ಪ್ರಿಂಟರು

ಆ ಸಾಫ್ಟ್‌ವೇರಿಗೊಂದು ಹಠ. ಕಾಗದ ಬೇಡದಿದ್ದರೂ ಯಂತ್ರದೊಳಗೆ ಯಾವುದಾದರೊಂದು ಪ್ರಿಂಟರಿನ ಹೆಸರಿರಬೇಕು. ಇಲ್ಲವಾದರೆ ರಿಪೋರ್ಟೇ ತಯಾರಾಗದು. ಸಿಂದಗಿಯ ಪ್ರಿಂಟರನ್ನು ದೇವಣಗಾಂವಕ್ಕೆ ಕಳಿಸಿದ್ದರು. ಸಾಮಾನು ಹೋದ ಮೇಲೆ ಹೆಸರೇಕೆ ಎಂದು ಹಿರಿಯ ಗುಮಾಸ್ತರು ಅದನ್ನೂ ಕಂಪ್ಯೂಟರಿನಿಂದ ಅಳಿಸಿ ಕೈ ತೊಳೆದುಕೊಂಡಿದ್ದರು. ನಾನು ಹೆಸರನ್ನು ಮತ್ತೆ ಸೇರಿಸಲು ಹೋದರೆ ಕೈ ಹಿಡಿದರು.

"ಇಲ್ಲದ ಪ್ರಿಂಟರ್ ಐತಿ ಅಂತ ತೋರಿಸಿ ನೀವು ಹೋಗ್ತೀರಿ. ನಾಳೆ ಆಡಿಟ್‌ನವ್ರು ಎಲ್ಲೈತಿ ತೋರಸ್ರಿ ಅಂದ್ರ ನಾ ಏನ್ ತೋರಿಸ್ಲಿ?"

ಮೈಯೆಲ್ಲ ಉರಿಯಿತು. "ನನ್ನನ್ನ ತೋರಸ್ರಿ" ಎಂದೆ.

ಹಾಗಂತ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಸಿಂದಗಿ ಆಫೀಸಿನ ಲೆಕ್ಕದಲ್ಲಿ ನಾನು ಇವತ್ತಿಗೂ ಒಂದು ಪ್ರಿಂಟರು.

ಬಾಗೇವಾಡಿಯ ಬಾಯಿ

ಕೊನೆಗುಳಿದದ್ದು ಬಸವನ ಬಾಗೇವಾಡಿ. ಬೆಳಗಾದರೆ ನಿಶ್ಚಯ. ಮನೆಯವಳಂತೂ ಮಾತು ಬಿಟ್ಟಿದ್ದಳು. ಕಂಪ್ಯೂಟರಿನಲ್ಲಿ ರಿಪೋರ್ಟು ಸಿದ್ಧವಿತ್ತು, ಆದರೆ ಫ್ಲಾಪಿ ಒಳಗೇ ಹೋಗಲೊಲ್ಲದು. ಒತ್ತಿದೆ, ಗುದ್ದಿದೆ, ಇಂಗಳೇಶ್ವರದಿಂದ ಬೈಕಿನಲ್ಲಿ ಬಂದುಹೋಗುವ ಅಲ್ಲಿನ ಗುಮಾಸ್ತನನ್ನು ಬಾಯಿಗೆ ಬಂದಂತೆ ಬೈದೆ. ನಿನಗೆ ಕಂಪ್ಯೂಟರ್ ಕೊಟ್ಟವರನ್ನು ಮೊದಲು ಸಸ್ಪೆಂಡ್ ಮಾಡಬೇಕು ಎಂದೆ. ಕೊನೆಗೆ ಚಿಮಟ ತರಿಸಿ ಎಳೆದರೆ, ಹಸಿರು ಎಲೆ! ಒಂದಾದ ಮೇಲೊಂದು.

"ಮುಂಜಾನೆ ಎಲ್ಲಾರಿಗೂ ಬನ್ನಿ ಕೊಟ್ವಿರಿ ಸರ್. ಇದೂ ನಮ್ಮ ಜೋಡಿ ದುಡದೈತಿ, ಇದಕ್ಕ ಕೊಡದಿದ್ರ ಹೆಂಗ್ರಿ? ಕೈ ಇಲ್ಲಲ್ರಿ, ಬಾಯಾಗ ಕೊಟ್ಟೆ."

ಇನ್ನೊಂದು ಸುತ್ತು ಬೈಯಲು ನಾನು ಉಸಿರೆಳೆಯುವಷ್ಟರಲ್ಲಿ ಅವನು ಬಗ್ಗಿ ಕಾಲಿಗೆ ನಮಸ್ಕರಿಸಿ, ಅವೇ ಎಲೆಗಳನ್ನು ನನ್ನ ಅಂಗೈಯಲ್ಲಿಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ."

ಬನ್ನಿ ಇಸಿದುಕೊಂಡ ಮೇಲೆ ಜಗಳಾಡುವಂತಿಲ್ಲವಲ್ಲ! ಯಂತ್ರದ ಬಾಯಿ ತೆರೆಯಿತು, ನನ್ನ ಬಾಯಿ ಮುಚ್ಚಿತು. ರಿಪೋರ್ಟು ಇಳಿಯಿತು, ಸಾಹೇಬರು ರಜೆ ಕೊಟ್ಟರು. ನಿಶ್ಚಯದಲ್ಲಿ ಬೀಗರ ಕೈಗೆ ನಾನು ಕೊಟ್ಟದ್ದೂ ಯಂತ್ರದ ಬಾಯಿಂದ ಬಂದ ಅದೇ ಬಂಗಾರ.

ಬಾಗೇವಾಡಿಯಲ್ಲಿ ಇದೆಲ್ಲ ನಡೆದ ದಿನ ಯಾವುದೆಂದು ಈಗ ಹೇಳಬೇಕೆ? ದಸರೆಯ ಮರುದಿನ, ಬಾಯಿಗೆ ಏನೂ ಹಾಕಬಾರದ ಏಕಾದಶಿ.