ನಮ್ಮ ಬಾವನ ಲೈಟ್ ಬೀರು

ಕೋಲಾರ ಜಿಲ್ಲೆಯಲ್ಲಿ ಬೀರು ಕುಡಿಯಲು ಬಾರದ ಒಬ್ಬನೇ ಒಬ್ಬ ಬೀರು ಕುಡುಕ ಯಾರು ಎಂದು ಕೇಳಿದರೆ ನಾನು ತಡವರಿಸದೆ ನಮ್ಮ ಬಾವನನ್ನು ತೋರಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಒಂದೇ ಒಂದು ಬಾಟಲಿ ಲೈಟ್ ಬೀರು. ನಮ್ಮ ಕಡೆ ಲೈಟ್ ಬೀರು ಕೇಳಿದರೆ ಬಾರಿನವರು ಮೊದಲು ಮುಖ ನೋಡುತ್ತಾರೆ, ಆಮೇಲೆ ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ಫ್ರಿಜ್ಜಿನ ತಳದಲ್ಲಿ, ಸೋಡಾ ಬಾಟಲಿಗಳ ಹಿಂದೆ ಹುಡುಕಿ ತರಬೇಕು. ತಂದ ಮೇಲಾದರೂ ಕುಡಿಯುತ್ತಾನೆಯೇ? ಇಲ್ಲ! ಲೋಟಕ್ಕೆ ಬಗ್ಗಿಸಿ ಕೈಕಟ್ಟಿ ಕೂರುತ್ತಾನೆ. ನೊರೆ ಪೂರ್ತಿ ಇಳಿಯಬೇಕು. ಕೊನೆಯ ಗುಳ್ಳೆ ಒಡೆಯುವ ಹೊತ್ತಿಗೆ ಬೀರು ಬಚ್ಚಲ ಹಂಡೆಯ ನೀರಿನಷ್ಟು ಬೆಚ್ಚಗಾಗಿರುತ್ತದೆ. ಆಗ ಅದಕ್ಕೆ ಕಾಲು ಲೋಟ ನೀರು ಸೇರಿಸಿ, ಕಷಾಯದಂತೆ ಕಣ್ಣು ಮುಚ್ಚಿ ಕುಡಿಯುತ್ತಾನೆ.

ಲೈಟ್ ಬೀರಿಗೆ ಮತ್ತೆ ನೀರು ಯಾಕೆ ಎಂದು ಒಮ್ಮೆ ಕೇಳಿದೆ.

‘ಅದು ನಾನು ಲೈಟು ಅಂತ ಮೈಮೇಲೆ ಚೀಟಿ ಅಂಟಿಸ್ಕೊಂಡಿದೆ. ಒಪ್ಕೊಂಡ ಮೇಲೆ ಎಷ್ಟು ನೀರು ಬಿದ್ರೂ ಅದು ಮೋಸ ಅಲ್ಲ ಕಣೋ’ ಎಂದ.

ಈ ತತ್ವದ ಮೂಲ ತಿಳಿಯಬೇಕಾದರೆ ಅವನ ಕಸುಬು ತಿಳಿಯಬೇಕು. ಕ್ಯಾಲನೂರಿನ ಹತ್ತಿರದ ನಮ್ಮ ಹಳ್ಳಿಯ ಡೈರಿಯಲ್ಲಿ ಮೂವತ್ತು ವರ್ಷ ಹಾಲು ಪರೀಕ್ಷೆ ಮಾಡಿದವನು ಅವನು. ದಿನಕ್ಕೆರಡು ಹೊತ್ತು ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಿದ್ದರು. ಇವನು ಪ್ರತಿಯೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ಇಳಿಬಿಟ್ಟು ಡಿಗ್ರಿ ಓದುತ್ತಿದ್ದ. ಇಪ್ಪತ್ತೆಂಟು ಬಂದರೆ ಹಾಲು. ಇಪ್ಪತ್ತೆರಡಕ್ಕೆ ಇಳಿದರೆ ಬೋರ್‌ವೆಲ್. ನೊರೆಯನ್ನು ಮಾತ್ರ ಅವನು ಅಳತೆಗೆ ಸೇರಿಸುತ್ತಿರಲಿಲ್ಲ. ನೊರೆ ಎಂದರೆ ಗಾಳಿ, ಗಾಳಿಯನ್ನು ಹಸು ಕೊಡುವುದಿಲ್ಲ ಎಂಬುದು ಅವನ ವಾದ. ಲೆಕ್ಕ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಈಗ ಡೈರಿಗೆ ಮಿಷನ್ ಬಂದಿದೆ, ಇವನು ಮನೆಗೆ ಬಂದಿದ್ದಾನೆ. ಆದರೂ ಕಡ್ಡಿ ಕನ್ನಡಕದ ಡಬ್ಬಿಯೊಳಗೆ, ಡಬ್ಬಿ ಅಂಗಿ ಜೇಬಿನೊಳಗೆ!

ಶ್ರೀನಿವಾಸಪುರದ ಒಂದು ಮದುವೆಯಲ್ಲಿ ಎಲೆಯ ಮುಂದೆ ಕೂತು, ಬಡಿಸಿದ ಮಜ್ಜಿಗೆಯೊಳಗೆ ಕಡ್ಡಿ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಡಿನ ಕಡೆಯವರು ಇವನನ್ನು ಆಹಾರ ಇಲಾಖೆಯವನೆಂದು ತಿಳಿದು, ಅಡುಗೆ ಭಟ್ಟರನ್ನು ಹಿತ್ತಿಲಿಗೆ ಕಳಿಸಿ, ಇವನಿಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿದರು. ಕುರುಡುಮಲೆ ಗಣಪತಿಯ ಸಾಲಿನಲ್ಲಿ ಮುಂದೆ ನಿಂತಿದ್ದವರೊಬ್ಬರು ಅಭಿಷೇಕಕ್ಕೆಂದು ಚೆಂಬಿನಲ್ಲಿ ಹಾಲು ತಂದಿದ್ದರು. ಇವನು ಬಗ್ಗಿ ಮೂಸಿ ನೋಡಿ, ಇದು ಹಾಲಲ್ಲ ಯಜಮಾನರೇ, ಹಾಲಿನ ನೆನಪು ಎಂದುಬಿಟ್ಟ. ‘ಅಷ್ಟು ದೊಡ್ಡ ದೇವರೇ ತಕರಾರು ಮಾಡಿಲ್ಲ, ನಿಮ್ದೇನ್ರೀ?’ ಎಂದು ಆತ ಗದರಿದರು. ಇವನಿಗೆ ಅದು ಅರ್ಥವೇ ಆಗಲಿಲ್ಲ. ದೇವರ ಹತ್ತಿರ ಕಡ್ಡಿ ಇಲ್ಲವಲ್ಲ!

ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಆಮೇಲೆ ನಾನು ಅವನ ತಂಗಿ ನಾಗುವನ್ನು ಮದುವೆಯಾದೆ. ಅಂದಿನಿಂದ ನಾನು ಅವನಿಗೆ ಬಾವ, ಅವನು ನನಗೆ ಬಾವ. ನಾಗು ಹೋಗಿ ನಾಲ್ಕು ವರ್ಷವಾಯಿತು. ಈಗ ನನ್ನ ಕಡೆಯವರು ಎಂದು ನಾನು ಹೇಳಿಕೊಳ್ಳುವುದು ಇವನೊಬ್ಬನನ್ನೇ. ಇವನ ಬಗ್ಗೆ ನಕ್ಕು ನಗಿಸಿ ಬರೆಯುತ್ತಿದ್ದೇನೆ, ನಿಜ. ಆದರೆ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಧೈರ್ಯ ಸಾಲದು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮ ಸೀಮೆ ಹಸು ಹೊತ್ತಿಗೆ ಎಂಟು ಲೀಟರ್ ಕೊಡುತ್ತದೆ ಎಂದು ನಾನು ಅರಳಿಕಟ್ಟೆಯಲ್ಲಿ ಕೂತು ಊರಿಗೆಲ್ಲ ಸಾರಿದ್ದೆ. ಬೇಸಿಗೆ ಬಂತು, ಹಸು ಆರಕ್ಕೆ ಇಳಿಯಿತು. ಹಸುವಿಗೆ ನಾಚಿಕೆಯಿಲ್ಲ, ನನಗಿತ್ತು. ಒಂದು ಬೆಳಿಗ್ಗೆ ನಾಗು ಹಾಲು ಕರೆದು ಕ್ಯಾನು ಕೈಗೆ ಕೊಟ್ಟಳು. ನಾನು ದಾರಿಯಲ್ಲಿ ತೊಟ್ಟಿಯ ಹತ್ತಿರ ನಿಂತು, ಆಚೆ ಈಚೆ ನೋಡಿ, ಎರಡು ಚೆಂಬು ನೀರು ಹೊಯ್ದೆ. ಎಂಟು ಲೀಟರ್ ಆಯಿತು. ಎಷ್ಟು ಸುಲಭ!

ಡೈರಿಯಲ್ಲಿ ಬಾವ ಕಡ್ಡಿ ಇಳಿಸಿದ. ತೆಗೆದು ಒರೆಸಿ ಮತ್ತೆ ಇಳಿಸಿದ. ಬಾವ, ನೀರಿದೆ ಎಂದ, ಮೆಲ್ಲಗೆ. ನನ್ನ ಹಿಂದೆ ಹದಿನೈದು ಜನ ನಿಂತಿದ್ದರು. ಆಗ ನಾನು ಹೇಳಿದ ಮಾತು ಇದು: ‘ನಂಗೇನ್ ಗೊತ್ತು? ಕರೆದಿದ್ದು ನಿನ್ ತಂಗಿ, ಅವಳನ್ನೇ ಕೇಳು.’

ಸಾಲು ಗೊಳ್ಳೆಂದು ನಕ್ಕಿತು. ಬಾವ ಹಾಲನ್ನು ವಾಪಸು ಕ್ಯಾನಿಗೆ ಸುರಿದ. ಸಂಜೆ ಅವನು ನಮ್ಮ ಮನೆಗೆ ಹೋಗುತ್ತಾನೆಂದು ಊಹಿಸಿ, ನಾನು ಇಲ್ಲದ ಕೆಲಸ ಹುಡುಕಿಕೊಂಡು ಕೋಲಾರಕ್ಕೆ ಬಸ್ಸು ಹತ್ತಿದೆ. ತಿರುಗಿ ಬಂದಾಗ ನಾಗು ಏನೂ ಕೇಳಲಿಲ್ಲ. ಮುದ್ದೆ ಬಡಿಸಿದಳು, ಸಾರು ಬಡಿಸಿದಳು. ಮರುದಿನದಿಂದ ಕ್ಯಾನನ್ನು ನನ್ನ ಕೈಗೆ ಕೊಡಲಿಲ್ಲ, ಅಷ್ಟೆ. ತಾನೇ ಹೊತ್ತು ಹೋಗಿ ಸಾಲಿನಲ್ಲಿ ನಿಂತಳು. ಇವತ್ತು ಹಾಲೆಷ್ಟು ನೀರೆಷ್ಟು ನಾಗಕ್ಕ ಎಂದು ಜನ ಎಷ್ಟೋ ದಿನ ಕೆಣಕಿದರಂತೆ. ನಾನು ಸರಿಪಡಿಸಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎನ್ನುತ್ತಲೇ ಅವಳು ಹೋಗಿಬಿಟ್ಟಳು.

ಬಾವನಿಗಾದರೂ ಹೇಳಬೇಕೆಂದು ನಾಲ್ಕು ವರ್ಷ ಒದ್ದಾಡಿದೆ. ನಮ್ಮ ಮನೆಯಲ್ಲಿ ಗೋಡೆ ಮೇಲೆ ಅವಳ ಫೋಟೋ ಇದೆ, ನಾಲಿಗೆ ಏಳುವುದಿಲ್ಲ. ಬಾರಿನಲ್ಲಿ ಗಲಾಟೆ. ಅವನ ಜೊತೆ ಲೈಟ್ ಬೀರು ಕುಡಿದರೆ ಧೈರ್ಯ ಬರುವುದಿರಲಿ, ಇದ್ದದ್ದೂ ತೊಳೆದು ಹೋಗುತ್ತದೆ!

ನಾನು ಈಗ ಮಾಲೂರಿನ ಕಡೆಯ ರಸ್ತೆಯಲ್ಲಿರುವ ಒಂದು ಕ್ರಾಫ್ಟ್ ಬೀರಿನ ಜಾಗದಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸದಲ್ಲಿದ್ದೇನೆ. (ನೀರು ಹಾಕುವ ಕೆಲಸ ನನ್ನನ್ನು ಬಿಟ್ಟಿಲ್ಲ, ನೋಡಿ.) ಕ್ರಾಫ್ಟ್ ಬೀರು ಎಂದರೆ ಲಾರಿಯಲ್ಲಿ ಬರುವ ಬಾಟಲಿ ಬೀರಲ್ಲ. ಅಲ್ಲೇ ದೊಡ್ಡ ಹಂಡೆಗಳಲ್ಲಿ ಬಾರ್ಲಿ ಬೇಯಿಸಿ, ಹುದುಗು ಬರಿಸಿ, ಅಲ್ಲೇ ಲೋಟಕ್ಕೆ ಕೊಡುತ್ತಾರೆ. ಅಲ್ಲಿಗೆ ಬಾರೋ ಎಂದು ಕರೆದರೆ ಬಾವ ಬರಲಿಲ್ಲ. ಮನೇಲಿ ಮಾಡಿದ ಬೀರನ್ನ ಮನೇವರೇ ಕುಡೀಲಿ ಎಂದ. ಕೊನೆಗೆ, ರಸ ಹಿಂಡಿದ ಬಾರ್ಲಿಯ ಚರಟವನ್ನು ನಮ್ಮೂರ ಹಸುಗಳಿಗೆ ಹಾಕುತ್ತಿದ್ದಾರೆ, ಹಾಲಿನ ಡಿಗ್ರಿ ಏನಾಗುತ್ತದೋ ಏನೋ ಎಂದು ಗಾಳಿಗೆ ಬಿಟ್ಟೆ. ಮಂಗಳವಾರ ಹನ್ನೊಂದು ಗಂಟೆಗೆ, ಇಸ್ತ್ರಿ ಅಂಗಿ ಹಾಕಿಕೊಂಡು, ತನಿಖಾಧಿಕಾರಿಯಂತೆ ಬಂದಿಳಿದ!

ಚರಟವನ್ನು ಮೂಸಿದ, ಬೆರಳಲ್ಲಿ ಉಜ್ಜಿದ, ನಾಲಿಗೆಗೆ ಇಟ್ಟುಕೊಂಡ. ಹಸುವಿಗೆ ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟ. ಅಲ್ಲಿ ಬೀರು ತಯಾರಿಸುವವಳು ಮುಳಬಾಗಿಲಿನ ಹೆಣ್ಣುಮಗಳು, ನಲವತ್ತರ ಆಸುಪಾಸು. ನನ್ನ ಬಾವನೆಂದು ಗೌರವಕ್ಕೆ ಮೂರು ಸಣ್ಣ ಲೋಟಗಳಲ್ಲಿ ಮೂರು ಬಗೆ ತಂದಿಟ್ಟಳು. ಮೊದಲನೆಯದು ಗೋಧಿಯದು. ಬಾವ ಕೈಕಟ್ಟಿ ಕೂತ. ನೊರೆ ಇಳಿಯಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಗೋಧಿಯ ನೊರೆ, ಮೊಸರಿನ ಕೆನೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

‘ಅದು ಇಳಿಯಲ್ಲ ಸಾರ್, ಹಂಗೇ ಕುಡೀಬೇಕು’ ಎಂದಳು.

‘ಗಾಳಿ ಕುಡಿಯೋಕೆ ನಾನು ಹಾವಾ, ತಾಯಿ?’ ಎಂದು ಇವನು ಸ್ಪೂನಿನಿಂದ ನೊರೆಯನ್ನು ತೆಗೆದು ತಟ್ಟೆಯಲ್ಲಿಟ್ಟ. ಆಮೇಲೆ ಒಂದು ಗುಟುಕು ಕುಡಿದ. ಹುಬ್ಬು ಮೇಲೆ ಹೋಯಿತು. ನೀರಿನ ಲೋಟ ಅವನ ಕೈಗೆ ಸಿಗದಂತೆ ನಾನು ಮೊದಲೇ ದೂರ ಸರಿಸಿದ್ದೆ. ಎರಡನೆಯದು ಕಪ್ಪು ಬೀರು. ಯಾರೋ ರಾಗಿ ಹುರಿಯುತ್ತ ಮೊಬೈಲ್ ನೋಡಿದ್ದಾರೆ ಎಂದು ತಳ್ಳಿದ. ಮೂರನೆಯದು ಮಾವಿನದು. ಶ್ರೀನಿವಾಸಪುರದ ಬಾದಾಮಿ ಹಣ್ಣು ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಇವನು ಮೂಸಿದವನೇ ತಲೆಯಾಡಿಸಿ, ‘ಇದು ತೋತಾಪುರಿ’ ಎಂದ.

ಅವಳು ನಕ್ಕು, ಬಾದಾಮಿ ಹೋದ ವಾರವೇ ಮುಗಿದದ್ದನ್ನೂ ಬೋರ್ಡು ಬದಲಿಸಲು ಮರೆತದ್ದನ್ನೂ ಒಪ್ಪಿಕೊಂಡಳು. ಒಪ್ಪಿಕೊಂಡದ್ದೇ ತಡ, ಇವನಿಗೆ ಅವಳ ಮೇಲೆ ವಾತ್ಸಲ್ಯ ಉಕ್ಕಿತು. ಜೇಬಿನಿಂದ ಕನ್ನಡಕದ ಡಬ್ಬಿ ಹೊರಬಂತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅವಳು ಕಡ್ಡಿಯನ್ನು ನೋಡಿ ಕಣ್ಣರಳಿಸಿ, ಒಳಗೆ ಓಡಿ, ತನ್ನದೊಂದು ಗಾಜಿನ ಕಡ್ಡಿಯನ್ನು ತಂದಳು. ಬೀರಿಗೂ ಡಿಗ್ರಿ ಇದೆಯಂತೆ! ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಅಣ್ಣತಮ್ಮಂದಿರ ಹಾಗೆ ಕಂಡವು. ಅವಳು ತೆಲುಗಿನಲ್ಲಿ ಏನೋ ಕೇಳಿದಳು, ಇವನು ತೆಲುಗಿನಲ್ಲಿ ಏನೋ ಹೇಳಿದ. ಬೈಗುಳವಿಲ್ಲದ ಅವನ ತೆಲುಗನ್ನು ನಾನು ಕೇಳಿದ್ದು ಅದೇ ಮೊದಲು.

ಹಂಡೆಗೆ ಇಳಿಸಿದ ದಿನ ರಸ ಐವತ್ತು ಡಿಗ್ರಿ ಇತ್ತು, ಇವತ್ತು ಹತ್ತಕ್ಕೆ ಬಂದಿದೆ ಎಂದು ಅವಳು ತೋರಿಸಿದಳು. ಬಾವನ ಮುಖ ಗಂಟಿಕ್ಕಿತು.

‘ನಲವತ್ತು ಡಿಗ್ರಿ ಯಾರು ಕದ್ರು?’

‘ಈಸ್ಟು ಸಾರ್. ಸಕ್ಕರೆ ಎಲ್ಲ ಅದೇ ತಿನ್ನೋದು.’

ಅವನು ಬಹಳ ಹೊತ್ತು ಆ ಕಡ್ಡಿಯನ್ನೇ ನೋಡಿದ. ‘ಕದ್ದೋನು ಯಾರು ಅಂತ ಗೊತ್ತಿದೆ ನಿಂಗೆ. ಪುಣ್ಯವಂತೆ’ ಎಂದ. ಅವಳು ನಗುತ್ತ ಹಂಡೆಗಳ ಕಡೆ ಹೋದಳು.

ನಾನು ನನ್ನ ಲೋಟ ಖಾಲಿ ಮಾಡಿದೆ. ಮೇಜಿನ ಹತ್ತಿರ ನಾವಿಬ್ಬರೇ. ಹೇಳಿದೆ. ತೊಟ್ಟಿ, ಚೆಂಬು, ಎಂಟು ಲೀಟರ್, ಅರಳಿಕಟ್ಟೆ, ಎಲ್ಲ. ನಾಗು ಅಲ್ಲ ಬಾವ, ನಾನು ಎಂದೆ. ತೆಲುಗಿಗಾಗಿ ತಲೆತಗ್ಗಿಸಿ ಕಾದೆ. ಬರಲಿಲ್ಲ.

‘ಅವತ್ತು ಸಾಯಂಕಾಲ ಮನೆಗೆ ಹೋಗಿ ಕೇಳ್ದೆ’ ಎಂದ ಕೊನೆಗೆ. ‘ನಾನೇ ಅಣ್ಣ, ಕ್ಯಾನು ತೊಳೆದ ನೀರು ಚೆಲ್ಲೋದು ಮರ್ತೆ ಅಂದ್ಳು.’

 ಅವಳು ನನಗೆ ಇದನ್ನು ಹೇಳಿಯೇ ಇರಲಿಲ್ಲ. ನಾನು ಸಾಲಿನ ಮುಂದೆ ಅವಳ ತಲೆಗೆ ಕಟ್ಟಿದ್ದನ್ನು, ಅವಳು ಮನೆಯೊಳಗೆ ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

‘ಹುಟ್ಟಿದಾಗಿಂದ ಒಂದು ಸುಳ್ಳು ಹೇಳ್ದೋಳಲ್ಲ. ಅದಕ್ಕೇ ನಂಬ್ದೆ’ ಎಂದ ಬಾವ. ಅವನ ದನಿ ಇಳಿದಿತ್ತು. ‘ಅವತ್ತಿಂದ ಎಲ್ರದ್ದೂ ಒಂದ್ಸಲ ನೋಡ್ತಿದ್ದೆ, ನಾಗೂದು ಎರಡು ಸಲ. ದಿನಾ ಎರಡು ಹೊತ್ತೂ. ಅವಳು ನೋಡ್ತಾ ನಿಂತಿರೋಳು. ಯಾಕಣ್ಣ ಅಂತ ಒಂದಿನಾನೂ ಕೇಳ್ಲಿಲ್ಲ ಕಣೋ.’

ಎಷ್ಟು ವರ್ಷ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಯ್ಯಿ ಬಾವ, ಎದ್ದು ಎರಡು ಹೊಡಿ ಎಂದೆ.  ಅವನು ಹೊರಗೆ ನಾನು ನೆಟ್ಟ ದಾಸವಾಳದ ಕಡೆ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು, ನನ್ನದೂ. ನಾಲ್ಕು ವರ್ಷದಿಂದ ಒಬ್ಬಳನ್ನೇ ಇಬ್ಬರೂ ಬೇರೆ ಬೇರೆ ಕೂತು ನೆನೆಸಿಕೊಳ್ಳುತ್ತಿದ್ದೆವು. ಇವತ್ತು ಅವಳು ನಮ್ಮಿಬ್ಬರಿಗೂ ಹೊಸಬಳಾಗಿ ಕಂಡಳು. ಈಗ ಎದುರಿಗೆ ಬಂದಿದ್ದರೆ ಇಬ್ಬರೂ ಎದ್ದು ನಿಲ್ಲಬೇಕಾಗುತ್ತಿತ್ತು.

ಬಾವ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದ.

‘ನಂಗೆ ಗೊತ್ತಿಲ್ದಿದ್ದು ಇನ್ನೇನಾದ್ರೂ ಇದ್ಯಾ ಅವಳದ್ದು?’ ಎಂದ. ‘ಇದ್ರೆ ಹೇಳು ಬಾವ. ಸಣ್ಣದಾದ್ರೂ ಸರಿ.’

ಹಾಲು ಕರೆಯುವಾಗ ಅವಳು ಹಸುವಿಗೆ ನಮ್ಮಿಬ್ಬರ ಮೇಲೂ ಚಾಡಿ ಹೇಳುತ್ತಿದ್ದಳು, ನಾನು ಕೊಟ್ಟಿಗೆಯ ಆಚೆ ನಿಂತು ಕೇಳುತ್ತಿದ್ದೆ. ಅಲ್ಲಿಂದ ಶುರುಮಾಡಿದೆ.