ತಿನ್ನದ ರಸಪುರಿಗೆ ಆರುನೂರು ಸಕ್ಕರೆ

"ಈ ಸಲ ಡಾಕ್ಟ್ರೇ ಬಾಯಿ ಬಿಟ್ಟು 'ತಿನ್ನಪ್ಪಾ ಕೋದಂಡಪ್ಪ' ಅನ್ಬೇಕು. ಆಗ ತಿಂತೀನಿ. ಅಲ್ಲೀವರ್ಗೂ ಮಾವಿನಣ್ಣಿನ ಸಿಪ್ಪೇನೂ ನೆಕ್ಕಲ್ಲ. ಕದ್ದು ತಿನ್ನೋನಲ್ಲಮ್ಮಾ ನಾನು!"

ಆಂಡರ್ಸನ್‌ಪೇಟೆಯ ಮಿಕ್ಸಿ ರಿಪೇರಿ ಕೋದಂಡಪ್ಪ ಈ ಘೋಷಣೆ ಹೊರಡಿಸಿದ್ದು ಮೇ ತಿಂಗಳಲ್ಲಿ, ತನ್ನ ಅಂಗಡಿಯ ಬಾಗಿಲಲ್ಲಿ. ಎದುರಿಗಿದ್ದ ಸಭಿಕರು ಒಬ್ಬರೇ. ಚಟ್ನಿ ಜಾರಿನ ಬ್ಲೇಡು ಸರಿಮಾಡಿಸಲು ಬಂದಿದ್ದ ಪಕ್ಕದ ಮನೆಯ ಮಾರಿಯಮ್ಮ.

"ಸರಿ ಅಣ್ಣ, ಜಾರು ಕೊಡು," ಅಂದಳು ಮಾರಿಯಮ್ಮ.

ಕೋದಂಡಪ್ಪನಿಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ. ಸಕ್ಕರೆ ಇಲ್ಲದ ಕಾಫಿಗೆ ಒಂದೇ ವಾರದಲ್ಲಿ ಒಗ್ಗಿಕೊಂಡಿದ್ದ. ಹೋಳಿಗೆ, ಜಿಲೇಬಿ, ಮೈಸೂರ್‌ಪಾಕು ಎಲ್ಲಕ್ಕೂ ಕೈಮುಗಿದು ಬೀಳ್ಕೊಟ್ಟಿದ್ದ. ಆದರೆ ಮಾವು! ಕೋಲಾರದ ಸೀಮೆಯಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಮಾವು ತಿನ್ನದೆ ಬದುಕುವುದೆಂದರೆ ಮೂಗು ಕಟ್ಟಿಕೊಂಡು ತಿರುಗಿದ ಹಾಗೆ. ಕಟ್ಟಿಕೊಳ್ಳಲು ಬಿಡುತ್ತದೆಯೇ ಆ ವಾಸನೆ! ತಳ್ಳುಗಾಡಿ ಬಂದರೆ ಅವನು ರಸ್ತೆಯ ಆ ಬದಿಗೆ ದಾಟುತ್ತಿದ್ದ. ಆ ಬದಿಯಲ್ಲೂ ಒಂದು ತಳ್ಳುಗಾಡಿ ನಿಂತಿರುತ್ತಿತ್ತು. ಬಾದಾಮಿ, ಬೇನಿಷಾ, ಸೇಂದೂರ, ಮಲ್ಲಿಕಾ. ಎಲ್ಲಾ ಹಳೇ ಗೆಳೆಯರು. ಮಾತಾಡಿಸುವಂತಿಲ್ಲ.

ಅದರಲ್ಲೂ ರಸಪುರಿ. ಅದನ್ನು ಕೊಯ್ದು ತಿನ್ನುವುದು ಅವಮಾನ. ಎರಡು ಅಂಗೈ ನಡುವೆ ಇಟ್ಟು ಮೆತ್ತಗೆ ಹಿಸುಕಿ ಹಿಸುಕಿ, ಒಳಗೆಲ್ಲಾ ರಸವಾದ ಮೇಲೆ ತೊಟ್ಟಿನ ಕಡೆ ಒಂದಿಷ್ಟು ಕಚ್ಚಿ ಉಗಿದು, ಕಣ್ಣು ಮುಚ್ಚಿ ಚೀಪಬೇಕು. ಹಿಂದೆ ಕೂತ ಕೂತಲ್ಲೇ ಏಳು ಚೀಪುತ್ತಿದ್ದ. ಈಗ ಅಂಗಡಿಯಲ್ಲಿ ಸುಮ್ಮನೆ ಕೂತಾಗ ಕೈಗಳು ತಾವಾಗಿಯೇ ಒಂದನ್ನೊಂದು ಹಿಸುಕುತ್ತಿದ್ದವು.

ಈ ಬೇಸಿಗೆ ತಡೆಯಲಾರದೆ ಬಂಗಾರಪೇಟೆಯ ತನ್ನ ಡಾಕ್ಟರ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿದ್ದ. ಡಾಕ್ಟರು ನಕ್ಕು, "ಹದಿನೈದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ ಬರೆದುಕೊಂಡು ಬಾ. ಎಲ್ಲಾ ನೂರಮೂವತ್ತರ ಒಳಗಿದ್ದರೆ, ಊಟ ಸ್ವಲ್ಪ ಕಡಿಮೆ ಮಾಡಿ ಎರಡು ಹೋಳು ತಿನ್ನು. ಎರಡೇ!" ಅಂದಿದ್ದರು.

ಎರಡು ಹೋಳು! ಕೋದಂಡಪ್ಪ ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಎರಡು ಹೋಳನ್ನು ಮನಸ್ಸಿನಲ್ಲೇ ಇಪ್ಪತ್ತು ಸಲ ತಿಂದ.

ಅಂದಿನಿಂದ ವ್ರತ ಶುರುವಾಯಿತು. ಸಂಜೆ ಏಳೂವರೆಗೆ ಅರ್ಧ ಮುದ್ದೆ, ಸೊಪ್ಪಿನ ಸಾರು. ಆಮೇಲೆ ಬೀದಿಯಲ್ಲಿ ನಾಲ್ಕು ಸುತ್ತು. ಬೆಳಿಗ್ಗೆ ಎದ್ದ ಕೂಡಲೇ ಬೆರಳಿಗೆ ಸೂಜಿ, ಸಕ್ಕರೆ ನೋಡುವ ಮಿಷಿನ್ನಿನ ಪಟ್ಟಿಗೆ ಒಂದು ಹನಿ ರಕ್ತ. ನೂರಾ ಇಪ್ಪತ್ತನಾಲ್ಕು. ನೂರಾ ಹತ್ತೊಂಬತ್ತು. ನೂರಾ ಇಪ್ಪತ್ತಾರು. ಹೆಂಡತಿ ಮುನಿಶಾಮಮ್ಮ ದಿನವೂ ಪಕ್ಕದಲ್ಲಿ ನಿಂತು ನೋಡಿ, "ಉಂ, ಬರ್ಕೊಳಿ," ಅಂತ ಅಪ್ಪಣೆ ಕೊಡುತ್ತಿದ್ದಳು. ಹದಿನಾಲ್ಕು ದಿನ ಒಂದು ಸಂಖ್ಯೆಯೂ ಗೆರೆ ದಾಟಲಿಲ್ಲ.

ಅಷ್ಟರೊಳಗೆ ಹನ್ನೆರಡನೇ ದಿನ ಶ್ರೀನಿವಾಸಪುರದ ಕಡೆಯಿಂದ ಮುನಿಶಾಮಮ್ಮನ ತಮ್ಮ ನರೇಶ ಬಂದ. ಕೈಬೀಸಿಕೊಂಡು ಬಂದನೇ? ಮೂವತ್ತಾರು ರಸಪುರಿ ಹೊತ್ತು ತಂದ! "ಬಾವಂಗೆ ಡಾಕ್ಟ್ರು ಒಪ್ಕೋತಾರಂತಲ್ಲ," ಅಂದ. ಹಣ್ಣು ಇನ್ನೂ ದೋರಗಾಯಿ. ಮನೆಯಲ್ಲಿ ಬೇರೆ ಜಾಗವಿಲ್ಲದೆ ಹುಲ್ಲು ಹಾಸಿ ಕೋದಂಡಪ್ಪನ ಮಂಚದ ಕೆಳಗೇ ಇಟ್ಟರು. ಮಂಚದ ಮೇಲೆ ಸಂಯಮ, ಕೆಳಗೆ ರಸಪುರಿ!

ಹದಿನೈದನೇ ಬೆಳಿಗ್ಗೆ ಆರು ಗಂಟೆ. ಬೀದಿ ನಲ್ಲಿಯಲ್ಲಿ ನೀರು ಬಂದಿತ್ತು. ಮುನಿಶಾಮಮ್ಮ ಕೊಡ ಎತ್ತಿಕೊಂಡು, "ಅಣ್ಣು ಒಂದ್ಸಲ ತಿರುವಿ ಆಕಿ. ಕೆಟ್ಟಿದ್ರೆ ತೆಗೀರಿ," ಅಂತ ಹೇಳಿ ಹೋದಳು.

ಕೋದಂಡಪ್ಪ ಮಂಡಿಯೂರಿದ. ಹುಲ್ಲು ಸರಿಸಿದ. ಅಬ್ಬಬ್ಬಾ! ಒಂದೊಂದನ್ನೂ ಮಗುವಿನ ಹಾಗೆ ಎತ್ತಿ, ಒರೆಸಿ, ಮೂಸಿ, ಪಕ್ಕ ಬದಲಿಸಿ ಮಲಗಿಸಿದ. ಹತ್ತೊಂಬತ್ತನೆಯದೋ ಇಪ್ಪತ್ತನೆಯದೋ ಕೈಯಲ್ಲಿತ್ತು. ಅವನು ಏನೂ ಮಾಡಲಿಲ್ಲ. ಮಾಡಿದ್ದು ಕೈಗಳು. ನಾಲ್ಕು ವರ್ಷದ ಹಸಿದ ಅಂಗೈಗಳು ಹಳೇ ಅಭ್ಯಾಸದಂತೆ ಆ ಹಣ್ಣನ್ನು ಮೆತ್ತಗೆ ಹಿಸುಕಿದವು, ಇನ್ನೊಮ್ಮೆ ಹಿಸುಕಿದವು, ಪಚಕ್!

ರಸ ಬೆರಳುಗಳ ಸಂದಿಯಿಂದ ಉಕ್ಕಿ ಮಣಿಕಟ್ಟಿಗೆ ಹರಿಯಿತು. ಬಾಯಿ ಗೇಣು ದೂರದಲ್ಲಿತ್ತು. ಮನೆಯಲ್ಲಿ ಯಾರೂ ಇಲ್ಲ. ಆ ಒಂದು ನಿಮಿಷದಲ್ಲಿ ಅವನು ಪಟ್ಟ ಪಾಡನ್ನು ಕಂಡಿದ್ದರೆ ಕಾಡಿನ ಋಷಿಗಳು ಗಡ್ಡ ಬೋಳಿಸಿಕೊಂಡು ಮನೆಗೆ ಹೋಗುತ್ತಿದ್ದರು! ಅವನು ಎದ್ದ. ಹಿತ್ತಿಲಲ್ಲಿ ಕಟ್ಟಿದ್ದ ಮಾರಿಯಮ್ಮನ ಮೇಕೆಯ ಮುಂದೆ ಆ ಹಣ್ಣನ್ನು ಇಟ್ಟ. ಮೇಕೆ ಒಳಗಿನ ಓಟೆ ಮಾತ್ರ ಬಿಟ್ಟು ಮಿಕ್ಕಿದ್ದನ್ನು ಮುಗಿಸಿತು. ಅವನು ಹೆಗಲ ಟವಲಿಗೆ ಕೈ ಒರೆಸಿ, ಗೆದ್ದ ಉಬ್ಬಿನಲ್ಲಿ ಆ ಕೂಡಲೇ ಸಕ್ಕರೆ ನೋಡುವ ಮಿಷಿನ್ನು ಹಿಡಿದು ಕೂತ.

ಚುಚ್ಚಿದ. ಹನಿ ಮುಟ್ಟಿಸಿದ. ಐದು ಎಣಿಸಿದ.

ಸಂಖ್ಯೆ ಬರಲಿಲ್ಲ. ಎಚ್, ಐ ಅಂತ ಎರಡು ಇಂಗ್ಲಿಷ್ ಅಕ್ಷರ ಬಂದವು.

ತುಂಬಿದ ಕೊಡದೊಂದಿಗೆ ಮುನಿಶಾಮಮ್ಮ ಒಳಗೆ ಬಂದಳು. "ಎಷ್ಟು ಬಂತು?"

"ಎಷ್ಟೂ ಇಲ್ಲ. ಹಾಯ್ ಅಂತೈತೆ."

"ಏನು?"

"ಹಾಯ್ ಕಣೇ. ನಮಸ್ಕಾರ ಅಂದಂಗೆ. ಹದಿನೈದ್ ದಿನ ಆಯ್ತಲ್ಲ, ಅದಕ್ಕೇನೋ."

ಮುನಿಶಾಮಮ್ಮ ಕೊಡ ಇಳಿಸಿ ಬಂಗಾರಪೇಟೆಯಲ್ಲಿರುವ ಮಗಳು ಸುಮಿತಾಗೆ ಫೋನು ಹಚ್ಚಿದಳು. ಮಗಳು ಅಲ್ಲಿಂದ ಕಿರುಚಿದ್ದು ಕೋದಂಡಪ್ಪನಿಗೂ ಕೇಳಿಸಿತು. "ಅದು ಹಾಯ್ ಅಲ್ಲಮ್ಮಾ, ಹೈ! ಆರುನೂರರ ಮೇಲೆ ಅಂತ! ಮಿಷಿನ್ನಿಗೆ ಅಳೆಯೋಕೇ ಆಗ್ತಿಲ್ಲ ಅಂತ! ಈಗ್ಲೇ ಕರ್ಕೊಂಡ್ ಬಾ!"

ಇನ್ನೊಮ್ಮೆ ನೋಡೋಣವೆಂದು ಮುನಿಶಾಮಮ್ಮ ತಾನೇ ಹತ್ತಿಗೆ ಸ್ಪಿರಿಟ್ಟು ಹಚ್ಚಿ ಇನ್ನೊಂದು ಬೆರಳನ್ನು ಒಂದು ಸಲ ಸವರಿ ಚುಚ್ಚಿದಳು. ನಾನೂರಾ ಹನ್ನೆರಡು.

ಅವಳು ಮಂಚದ ಕೆಳಗೆ ಬಗ್ಗಿ ಎಣಿಸಿದಳು. ಎದ್ದು ಗಂಡನ ಮುಖ ನೋಡಿದಳು. "ಮೂವತ್ತಾರು ಇದ್ವು. ಒಂದ್ ಎಲ್ಲಿ?"

"ಮೇಕೆ ತಿಂತು."

"ಮೇಕೆ ತಿಂದ್ರೆ ಸಕ್ಕರೆ ನಿಮಗ್ಯಾಕೆ ಏರ್ತೈತೆ?"

ಕೋದಂಡಪ್ಪ ತಲೆಯ ಮೇಲೆ ಕೈಯಿಟ್ಟ. "ಕೋಲಾರಮ್ಮನಾಣೆ ತಿಂದಿಲ್ಲ ಕಣೇ! ಮಿಷಿನ್ನು ಕೆಟ್ಟೈತೆ!"

"ಅಂಗ್ಡಿ ಗೋಡೆ ಮೇಲೆ ಏನ್ ಬರ್ಸಿದೀರಿ ನೀವು?"

ಬರೆಸಿದ್ದ. 'ಮಿಷಿನ್ ಸುಳ್ಳು ಹೇಳಲ್ಲ, ಮನುಷ್ಯ ಹೇಳ್ತಾನೆ.' ಮೋಟಾರು ಸುಟ್ಟುಕೊಂಡು ಬಂದು "ಏನೂ ಮಾಡ್ಲಿಲ್ಲ ಸಾರ್, ತಾನಾಗೇ ನಿಂತೋಯ್ತು" ಅನ್ನುವ ಗಿರಾಕಿಗಳಿಗಾಗಿ, ಕೆಂಪು ಬಣ್ಣದಲ್ಲಿ, ತಾನೇ ಮುಂದೆ ನಿಂತು ಬರೆಸಿದ್ದ.

ಗಲಾಟೆ ಕೇಳಿ ಮಾರಿಯಮ್ಮ ಓಡಿ ಬಂದಳು. "ಅಯ್ಯೋ ಕಡವುಳೇ, ದೇವ್ರೇ! ಆರುನೂರಾ? ಎರಡು ಮಾತ್ರೆ ಜಾಸ್ತಿ ಕೊಡಕ್ಕಾ!"

"ಡಾಕ್ಟ್ರನ್ನ ಕೇಳ್ದೆ ಒಂದೂ ಕೊಡಲ್ಲ," ಅಂದಳು ಮುನಿಶಾಮಮ್ಮ.

ಹಾಗಾದರೆ ಹಾಗಲಕಾಯಿಯಾದರೂ ಕೊಡಬೇಕೆಂದು ಮಾರಿಯಮ್ಮ ಮನೆಗೆ ಓಡಿ, ಕೋದಂಡಪ್ಪನೇ ರಿಪೇರಿ ಮಾಡಿದ ಜಾರಿನಲ್ಲಿ, ಕೋದಂಡಪ್ಪನೇ ಚೂಪು ಮಾಡಿದ ಬ್ಲೇಡಿನಲ್ಲಿ ಎರಡು ಹಾಗಲಕಾಯಿ ರುಬ್ಬಿ ದೊಡ್ಡ ಲೋಟ ತುಂಬ ತಂದಳು. ಕುಡಿಯದೆ ಬಿಡಲಿಲ್ಲ. ಮಾವಿಗಾಗಿ ಹದಿನೈದು ದಿನ ಕಾದಿದ್ದ ನಾಲಿಗೆಗೆ ಕೊನೆಗೆ ಸಿಕ್ಕಿದ್ದು ಅದು!

ಅದೇ ಬೀದಿಯ ಚಿರಂಜೀವಿಯ ಆಟೋದಲ್ಲಿ ಕೋರಮಂಡಲ್ ಸ್ಟೇಷನ್ನಿಗೆ ಹೋಗಿ ಬೆಳಗಿನ ರೈಲು ಹಿಡಿದರು. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಂದ ಡಬ್ಬಿ ಕಿಕ್ಕಿರಿದಿತ್ತು. "ಸ್ವಲ್ಪ ಜಾಗ ಬಿಡ್ರಪ್ಪಾ, ನಮ್ಮೋರ್ಗೆ ಸಕ್ಕರೆ ಆರ್ನೂರು," ಅಂದಳು ಮುನಿಶಾಮಮ್ಮ. ನಾಲ್ಕು ಜನ ಎದ್ದು ನಿಂತರು! ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸೀಟಿನ ಜೊತೆ ವಿಚಾರಣೆಯೂ ಸಿಕ್ಕಿತು.

"ಏನ್ ತಿಂದ್ರಿ ಯಜಮಾನ್ರೇ?"

"ಏನೂ ಇಲ್ಲ. ಮಾವಿನಣ್ಣು ಮುಟ್ಟಿದೆ ಅಷ್ಟೇ."

ಡಬ್ಬಿಯಲ್ಲಿದ್ದವರೆಲ್ಲ ಕಿಸಕ್ಕೆಂದರು. ಟಿಫನ್ ಕ್ಯಾರಿಯರ್ ಹಿಡಿದಿದ್ದ ಒಬ್ಬ ಮಾತ್ರ ಗಂಭೀರವಾಗಿ, "ನಗಬೇಡಿ. ನಮ್ಮ ಭಾವನಿಗೆ ಬರೀ ವಾಸನೆಗೇ ಇನ್ನೂರು ದಾಟಿತ್ತು," ಅಂದ. ಕೋದಂಡಪ್ಪನಿಗೆ ಈಗ ತನ್ನ ಮೇಲೇ ಅನುಮಾನ ಬಂತು. ಅಷ್ಟು ಆಸೆಪಟ್ಟಿದ್ದೆನಲ್ಲ, ತನಗೇ ಗೊತ್ತಾಗದ ಹಾಗೆ ತಿಂದುಬಿಟ್ಟೆನೇ? ನಾಲಿಗೆಯನ್ನು ಬಾಯೊಳಗೆಲ್ಲಾ ಆಡಿಸಿ ಹುಡುಕಿದ. ಹಾಗಲಕಾಯಿ ಬಿಟ್ಟರೆ ಬೇರೇನೂ ಸಿಗಲಿಲ್ಲ.

ಮುನಿಶಾಮಮ್ಮ ಬೈಯಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ, "ಇವತ್ತೊಂದ್ ದಿನ ಕಾದಿದ್ರೆ ನಾನೇ ಕೊಯ್ದು ಕೊಡ್ತಿದ್ನಲ್ಲ," ಅಂದಳು.

"ನಿಜ್ವಾಗ್ಲೂ ತಿಂದಿಲ್ಲ ಕಣೇ."

"ನಮ್ಮಪ್ಪನೂ ಇಂಗೇ ಅಂತಿದ್ದ. ಕಾಲು ತೆಗೆಯೋ ದಿನದವರ್ಗೂ ಇಂಗೇ ಅಂತಿದ್ದ."

ನಿಜ ಹೇಳಿಯೂ ಕಳ್ಳನಾಗುವುದೆಂದರೆ ಏನೆಂದು ಕೋದಂಡಪ್ಪನಿಗೆ ಅವತ್ತು ಗೊತ್ತಾಯಿತು.

ಬಂಗಾರಪೇಟೆಯಲ್ಲಿ ಇಳಿದ ಅವರನ್ನು ಸುಮಿತಾ ಸ್ಟೇಷನ್ನಿಂದ ಸೀದಾ ಡಾಕ್ಟರ ಬಳಿಗೆ ಕರೆದೊಯ್ದು ಬಿಟ್ಟು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೇನೆಂದು ವಾಪಸ್ಸು ಓಡಿದಳು. ನರ್ಸ್ ಶ್ಯಾಮಲ ಮಿಷಿನ್ನು ತಂದು ಕೋದಂಡಪ್ಪನ ಕೈ ಹಿಡಿದಳು. ಹಿಡಿದವಳು ತನ್ನ ಬೆರಳು ಬಿಡಿಸಿಕೊಂಡು ನೋಡಿಕೊಂಡಳು.

"ಏನ್ ಸಾರ್ ಇದು, ಕೈ ಅಂಟು ಅಂಟು? ಮಾವಿನಹಣ್ಣಿನ ವಾಸನೆ ಬೇರೆ!"

"ನೋಡಿದ್ರಾ!" ಅಂದಳು ಮುನಿಶಾಮಮ್ಮ.

"ಮೊದಲು ಸೋಪ್ ಹಾಕಿ ತೊಳ್ಕೊಳ್ಳಿ. ಚೆನ್ನಾಗಿ ಒರೆಸ್ಕೊಂಡು ಬನ್ನಿ."

ತೊಳೆದು ಬಂದ. ಶ್ಯಾಮಲ ಚುಚ್ಚಿದಳು. ಕೋದಂಡಪ್ಪ ಕಣ್ಣು ಮುಚ್ಚಿದ.

"ನೂರಾ ಇಪ್ಪತ್ತೊಂದು."

"ಮುಂದೆ ಒಂದು ಸೊನ್ನೆ ಇಲ್ವಾ?" ಅಂದಳು ಮುನಿಶಾಮಮ್ಮ, ಉಸಿರು ಹಿಡಿದು.

"ಇಲ್ಲಮ್ಮ. ನೂರಾ ಇಪ್ಪತ್ತೊಂದೇ."

ಒಳಗೆ ಡಾಕ್ಟರು ಪೂರ್ತಿ ಕಥೆ ಕೇಳಿ, ನಕ್ಕು ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮಿಷಿನ್ನು ಸುಳ್ಳು ಹೇಳಿಲ್ಲ ಕೋದಂಡಪ್ಪ. ಪಟ್ಟಿಗೆ ಬಿದ್ದಿದ್ದು ನಿನ್ನ ರಕ್ತದ ಜೊತೆ ರಸಪುರಿಯ ರಸ. ಅದು ರಸಪುರಿಯ ಸಕ್ಕರೆಯನ್ನೂ ಸೇರಿಸಿ ಹೇಳಿದೆ! ಬಟ್ಟೆಗೆ ಒರೆಸಿದರೆ ಹೋಗಲ್ಲ, ಸ್ಪಿರಿಟ್ ಸವರಿದರೂ ಸಾಲದು. ಹಣ್ಣು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದು ಒಣಗಿಸಿಯೇ ಚುಚ್ಚಬೇಕು." ಆಮೇಲೆ ಮುನಿಶಾಮಮ್ಮನ ಕಡೆ ತಿರುಗಿ, "ನೀವು ಮಾತ್ರೆ ಜಾಸ್ತಿ ಕೊಡದೆ ಇದ್ದಿದ್ದು ಪುಣ್ಯ. ಕೊಟ್ಟಿದ್ದರೆ ಇರೋ ಸಕ್ಕರೇನೂ ಇಳಿದು ರೈಲಲ್ಲೇ ತಲೆ ಸುತ್ತಿ ಬೀಳುತ್ತಿದ್ದ," ಅಂದರು.

"ಆಗಲಕಾಯಿ ರಸ ಕುಡ್ಸಿದ್ವಿ ಸಾರ್."

"ಹಾಗಾದರೆ ಇವತ್ತಿಂದು ಖಾಲಿ ಹೊಟ್ಟೆ ಅಲ್ಲ, ಪುಸ್ತಕದಲ್ಲಿ ಬರೆಯೋ ಹಾಗಿಲ್ಲ. ಪರವಾಗಿಲ್ಲ, ಹದಿನಾಲ್ಕೇ ಸಾಕು. ತಿಂಡಿಗೆ ಒಂದು ಇಡ್ಲಿ ಕಡಿಮೆ ಮಾಡಿ ಎರಡು ಹೋಳು ತಿನ್ನಪ್ಪಾ ಕೋದಂಡಪ್ಪ!"

ಹೊರಗೆ ಬಂದ ಕೋದಂಡಪ್ಪ ಎದೆ ಉಬ್ಬಿಸಿ ನಡೆದ. ಹೆಂಡತಿ ಕ್ಷಮೆ ಕೇಳಲಿ ಅಂತ ಹೋಟೆಲಿನಲ್ಲಿ ಇಡ್ಲಿ ಮುಗಿಯುವವರೆಗೆ ಕಾದ. ಕೇಳಲಿಲ್ಲ. ಸ್ಟೇಷನ್ನಿನ ಒಳಗೆ ಬಂದಾಗ ತಾನೇ ಬಾಯಿಬಿಟ್ಟ. "ಓಗ್ಲಿ ಬಿಡು. ಮನೆಗೋಗಿ ಎಲ್ಡ್ ಹೋಳು ಕೊಯ್ದು ಕೊಡು, ಎಲ್ಲಾ ಮರ್ತ್‌ಬಿಡ್ತೀನಿ."

ಮುನಿಶಾಮಮ್ಮ ತಲೆ ತಗ್ಗಿಸಿದಳು. "ಎಲ್ಲೈತೆ? ಕಣ್ಣೆದುರಿಗೆ ಇದ್ರೆ ತಾನೇ ತಿನ್ನೋದು ಅಂತ ನೀವು ಆಟೋ ಹತ್ತಿದ್ಮೇಲೆ ಮಾರಿಯಮ್ಮಂಗೆ ಕೊಟ್‌ಬಿಟ್ಟೆ. ಅವ್ರ ಮನೇಲಿ ಇವತ್ತು ನೆಂಟ್ರು."

"ಎಷ್ಟು ಕೊಟ್ಟೆ?"

"ಮೂವತ್ತೈದೂ."

ಕೋದಂಡಪ್ಪ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ. ಮುನಿಶಾಮಮ್ಮ ಒಂದು ಕ್ಷಣ ನಿಂತು ನೋಡಿ, ಸರಸರ ಹೊರಗೆ ಹೋಗಿ, ಬುಟ್ಟಿ ಇಟ್ಟುಕೊಂಡು ಕೂತಿದ್ದವಳ ಹತ್ತಿರ ಒಂದು ದಪ್ಪ ಬಾದಾಮಿ ಆರಿಸಿ, ಕೊಯ್ಯಿಸಿ, ಮುತ್ತುಗದೆಲೆಯ ಮೇಲೆ ಇಟ್ಟುಕೊಂಡು ಬಂದಳು. ಎರಡು ಹೋಳು ಅವನ ಕೈಗಿಟ್ಟಳು.

ಮೊದಲ ಹೋಳನ್ನು ಅವನು ಕಣ್ಣು ಮುಚ್ಚಿಕೊಂಡು ತಿಂದ. ಮುಚ್ಚಿದ ಕಣ್ಣಿನೊಳಗೆ ನೀರು ತುಂಬಿತು. ನಾಲ್ಕು ಬೇಸಿಗೆ!

ಕಣ್ಣು ತೆರೆದು ಪಕ್ಕಕ್ಕೆ ನೋಡಿದ. ಮುನಿಶಾಮಮ್ಮ ಮಿಕ್ಕ ಹೋಳುಗಳನ್ನು ತಿನ್ನುತ್ತಿದ್ದಳು. ತಿನ್ನುತ್ತಿದ್ದಳು ಅಂದರೆ ಸಾಲದು. ಮೊಣಕೈವರೆಗೆ ರಸ ಇಳಿದಿತ್ತು, ಸೆರಗು ಜಾರಿತ್ತು, ರೈಲು, ಜನ, ಗಂಡ ಒಂದೂ ಅವಳಿಗೆ ಕಾಣುತ್ತಿರಲಿಲ್ಲ.

"ಯಾಕೇ ಇಂಗ್ ತಿಂತಿದೀಯ?"

"ತಿಂದು ನಾಕ್ ವರ್ಸ ಆಯ್ತಲ್ಲ."

"ನಿಂಗೇನಾಗಿತ್ತು? ಸಕ್ಕರೆ ಇರೋದು ನಂಗೆ!"

"ನಿಮ್ಮೆದ್ರಿಗೆ ಎಂಗೆ ತಿನ್ನೋದು?"

"ನಾನು ಅಂಗ್ಡಿಗೋದಾಗ ತಿನ್ಬೋದಿತ್ತು."

"ಬಾಯಿ ವಾಸ್ನೆ ಬರಲ್ವಾ? ನೀವು ಮೂಸಿ ಕಂಡಿಡಿದು ಮುಖ ಸಣ್ಣ ಮಾಡ್ಕೋತೀರಿ."

ನಾಲ್ಕು ವರ್ಷದಿಂದ ಆ ಮನೆಯಲ್ಲಿ ವ್ರತ ಹಿಡಿದವನು ತಾನೊಬ್ಬನೇ ಎಂದುಕೊಂಡಿದ್ದ ಕೋದಂಡಪ್ಪ. ಬೀದಿಗೆಲ್ಲಾ ಸಾರಿದ್ದ ಕೂಡ. ಅವಳು ಬಾಯಿಬಿಟ್ಟಿರಲಿಲ್ಲ. ಅವನು ಕೈಯಲ್ಲಿದ್ದ ಎರಡನೇ ಹೋಳನ್ನು, ತನ್ನ ಪಾಲಿನ ಕೊನೆಯ ಹೋಳನ್ನು, ಅವಳ ಮುಂದೆ ಹಿಡಿದ.

"ತಗೋ. ಇದೂ ನೀನೇ ತಿನ್ನು."

ಹೀಗೆ ಹೇಳಿದಾಗ ಎದುರಿನವರು ಒಂದು ಸಲವಾದರೂ 'ಬೇಡ, ನೀವೇ ತಿನ್ನಿ' ಅನ್ನಬೇಕು. ಅದು ಲೋಕರೂಢಿ. ಕೋದಂಡಪ್ಪ ಅದಕ್ಕಾಗಿ ಕಾದ.

ಮುನಿಶಾಮಮ್ಮ ಅನ್ನಲಿಲ್ಲ. ತಗೊಂಡು ತಿಂದುಬಿಟ್ಟಳು!

ತಿಂದಾದ ಮೇಲೆ ಅವನ ಮುಖ ನೋಡಿದಳು. ಎಲೆಯ ಮೇಲೆ ಉಳಿದಿದ್ದನ್ನು ಅವನ ಕಡೆ ಮೆಲ್ಲಗೆ ಸರಿಸಿದಳು.

"ಓಟೆ ಐತೆ. ಚೀಪ್ತೀರಾ?"

ಕೋದಂಡಪ್ಪ ಆ ಕಡೆ ಈ ಕಡೆ ನೋಡಿ ಕೈಚಾಚಿದ. ಡಾಕ್ಟರು ಓಟೆಯ ವಿಚಾರ ಏನೂ ಹೇಳಿರಲಿಲ್ಲವಲ್ಲ!